ಎರಡು ಹಸಿರು ಬಟನ್

"ಎರಡೂ ಕೈ ನೋಡಿ ಮಕ್ಕಳೇ, ಎರಡೂ ಕೈ," ಎಂದು ಸೂಪರ್‌ವೈಸರ್ ಮತ್ತೊಮ್ಮೆ ಹೇಳಿದ.

ಐದನೇ ಕ್ಲಾಸಿನ ಮಕ್ಕಳು ನೆಲದ ಹಳದಿ ಗೆರೆಯ ಹಿಂದೆ ಸಾಲಾಗಿ ನಿಂತು ಕತ್ತು ಚಾಚಿದರು. ಗೆರೆಯ ಆಚೆ, ಪ್ರೆಸ್ ಮಷಿನ್ನಿನ ಮುಂದೆ, ಪಟಪಟಿಯ ಅಮ್ಮ ನಿಂತಿದ್ದಳು. ಮಡಚಿದ ಟಿಶ್ಯೂ ಹಾಳೆಗಳ ಎತ್ತರದ ಕಟ್ಟನ್ನು ಮಷಿನ್ನಿನ ಬಾಯೊಳಗೆ ಇಟ್ಟಳು. ಎಡಗೈ ಎಡಗಡೆಯ ಹಸಿರು ಬಟನ್ ಮೇಲೆ, ಬಲಗೈ ಬಲಗಡೆಯ ಹಸಿರು ಬಟನ್ ಮೇಲೆ. ಒತ್ತಿದಳು. ಕಬ್ಬಿಣದ ಹಲಗೆ ಉಸ್ಸೆಂದು ಇಳಿಯಿತು. ದಿಂಬಿನ ಹಾಗೆ ಉಬ್ಬಿದ್ದ ಕಟ್ಟು ಇಟ್ಟಿಗೆಯ ಹಾಗಾಯಿತು. ಅದು ಮತ್ತೆ ಉಬ್ಬುವ ಮೊದಲೇ ಅಮ್ಮ ಅದನ್ನು ಪ್ಲಾಸ್ಟಿಕ್ ಕವರಿಗೆ ತೂರಿಸಿ, ಕವರಿನ ಬಾಯಿ ಅಂಟಿಸುವ ಬಿಸಿ ಪಟ್ಟಿಯ ಕಡೆಗೆ ತಳ್ಳಿದಳು.

"ಎರಡು ಬಟನ್ ಯಾಕೆ ಗೊತ್ತಾ?" ಎಂದ ಸೂಪರ್‌ವೈಸರ್. "ಎರಡೂ ಕೈ ಹೊರಗಿದ್ರೆ ಮಾತ್ರ ಹಲಗೆ ಇಳಿಯುತ್ತೆ. ಒಂದು ಕೈ ಒಳಗಿದ್ರೆ ಇಳಿಯೋದೇ ಇಲ್ಲ. ನಮ್ಮಲ್ಲಿ ಕೈ ಮೊದಲು, ಕೆಲಸ ಆಮೇಲೆ."

ಗೋಡೆಯ ಮೇಲೂ ಅದನ್ನೇ ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಮಾಲೀಕರು ಕ್ಲಾಸ್ ಮಿಸ್ ಪಕ್ಕದಲ್ಲಿ ಕೈ ಹಿಂದೆ ಕಟ್ಟಿ ನಿಂತು, ಮದುವೆ ಮನೆಯ ಯಜಮಾನನ ಹಾಗೆ ಎಲ್ಲರನ್ನೂ ನೋಡಿ ನಗುತ್ತಿದ್ದರು.

ಎರಡನೆಯ ಕಟ್ಟು ವಾಲಿತು. ನೆಟ್ಟಗೆ ಹಿಡಿಯೋಣವೆಂದರೆ ಅಮ್ಮನ ಎರಡು ಕೈಯೂ ಬಟನ್ ಮೇಲಿದ್ದವು. ಕಟ್ಟು ಸೊಟ್ಟಗೆ ಅಪ್ಪಚ್ಚಿಯಾಯಿತು. ಅಮ್ಮ ಅದನ್ನು ರದ್ದಿ ಬುಟ್ಟಿಗೆ ಹಾಕಿದಳು.

"ಏನೇ ಪಟಪಟಿ," ಎಂದು ಹಿಂದಿನಿಂದ ಕನ್ನಡಕದ ಹುಡುಗ ಪಿಸುಗುಟ್ಟಿದ. "ನಿಮ್ಮಮ್ಮ ಸೂಪರ್ ಫಾಸ್ಟ್ ಅಂದಿದ್ದೆಯಲ್ಲ. ನಮ್ಮಜ್ಜಿ ಇದಕ್ಕಿಂತ ಫಾಸ್ಟಾಗಿ ಹಲ್ಲುಜ್ಜುತ್ತಾರೆ. ಅವರಿಗೆ ಹಲ್ಲೇ ಇಲ್ಲ."

ಸಾಲಿನಲ್ಲಿದ್ದವರೆಲ್ಲ ಕಿಸಕ್ಕೆಂದರು. ಪಟಪಟಿಯ ಕಿವಿ ಬಿಸಿಯಾಯಿತು.

ಪಟಪಟಿ ಎನ್ನುವುದು ಚಿಕ್ಕಮ್ಮ ಇಟ್ಟ ಹೆಸರು. ಎದ್ದಾಗ ಶುರುವಾದ ಬಾಯಿ ಮಲಗುವವರೆಗೆ ನಿಲ್ಲುತ್ತಿರಲಿಲ್ಲ ಎಂದು ಇಟ್ಟದ್ದು. ಅದು ಮನೆಯಿಂದ ಸ್ಕೂಲಿಗೂ ಹೋಗಿ ಸೇರಿಕೊಂಡಿತ್ತು. ಫ್ಯಾಕ್ಟರಿ ನೋಡಲು ಹೋಗುತ್ತೇವೆ ಎಂದು ಮಿಸ್ ಹೇಳಿದ ದಿನದಿಂದ ಅವಳಿಗೆ ಬೇರೆ ಮಾತೇ ಇರಲಿಲ್ಲ. ನಮ್ಮಮ್ಮ ಒಂದೇ ಕೈಯಲ್ಲಿ ಮಷಿನ್ ಓಡಿಸುತ್ತಾಳೆ, ಇನ್ನೊಂದು ಕೈಯಲ್ಲಿ ಕಟ್ಟು ಹಿಡಿದಿರುತ್ತಾಳೆ, ಎಂದು ಕ್ಲಾಸಿನಲ್ಲಿ ಡಂಗುರ ಹೊಡೆದಿದ್ದಳು.

ಅದು ಸುಳ್ಳಲ್ಲ. ಶನಿವಾರ ಸ್ಕೂಲು ಬೇಗ ಬಿಟ್ಟಾಗ ಅವಳು ಊಟದ ಡಬ್ಬಿ ತೆಗೆದುಕೊಂಡು ಫ್ಯಾಕ್ಟರಿಗೆ ಹೋಗುತ್ತಿದ್ದಳು. ಕಾಗದದ ಧೂಳು ಹೊರಗೆ ಹೋಗಲೆಂದು ಹಿಂದಿನ ಕಿಟಕಿ ತೆರೆದಿರುತ್ತಿತ್ತು. ಅಲ್ಲಿಂದ ನೋಡಿದ್ದಳು. ಎಡಗಡೆಯ ಬಟನ್ನಿಗೆ ಅಮ್ಮ ಕಪ್ಪು ರಬ್ಬರ್ ಪಟ್ಟಿಯೊಂದನ್ನು ಬಿಗಿದು ಕಟ್ಟಿರುತ್ತಿದ್ದಳು. ಬಟನ್ ಒತ್ತಿಕೊಂಡೇ ಇರುತ್ತಿತ್ತು. ಎಡಗೈ ಖಾಲಿ. ಆ ಕೈ ಮಷಿನ್ನಿನ ಬಾಯೊಳಗೆ ಹೋಗಿ ಕಟ್ಟನ್ನು ನೆಟ್ಟಗೆ ಹಿಡಿಯುತ್ತಿತ್ತು, ಹಲಗೆ ಬಂದು ಮುಟ್ಟುವ ಹೊತ್ತಿಗೆ ಸರಕ್ಕನೆ ಹೊರಗೆ ಬರುತ್ತಿತ್ತು. ಒಂದು ಕಟ್ಟೂ ವಾಲುತ್ತಿರಲಿಲ್ಲ.

ಒಮ್ಮೆ ಅಮ್ಮನ ಎಡಗೈ ತೋರುಬೆರಳಿನ ಉಗುರು ನೇರಳೆ ಹಣ್ಣಿನ ಹಾಗೆ ಕಪ್ಪಾಗಿತ್ತು. ಬಾಗಿಲಿಗೆ ಸಿಕ್ಕಿತು ಎಂದಿದ್ದಳು. ಯಾವ ಬಾಗಿಲು, ಮುಂದಿನದಾ, ಬಚ್ಚಲಿನದಾ, ಯಾವಾಗ ಸಿಕ್ಕಿತು, ಅಳು ಬಂತಾ ಎಂದೆಲ್ಲ ಪಟಪಟಿ ತಲೆ ತಿಂದಿದ್ದಳು. "ಯಾವುದೋ ಒಂದು ಬಾಗಿಲು ಬಿಡೇ," ಎಂದು ಅಮ್ಮ ಮಗ್ಗುಲು ತಿರುಗಿ ಮಲಗಿದ್ದಳು.

ಈಗ ಆ ರಬ್ಬರ್ ಪಟ್ಟಿ ಇರಲಿಲ್ಲ. ಅಮ್ಮ ಹೊಸದಾಗಿ ಕಲಿಯುವವಳ ಹಾಗೆ ಕಾಣುತ್ತಿದ್ದಳು. ಕನ್ನಡಕದ ಹುಡುಗ ಎರಡು ಬೆರಳಿನಿಂದ ಹಲ್ಲುಜ್ಜುವ ಹಾಗೆ ಮಾಡಿ ತೋರಿಸಿದ. ಪಟಪಟಿಗೆ ತಡೆಯಲಾಗಲಿಲ್ಲ.

"ಅಮ್ಮಾ, ರಬ್ಬರ್ ಹಾಕ್ಕೊಂಡು ಮಾಡಮ್ಮ. ಒಂದೇ ಕೈಲಿ ಮಾಡ್ತೀಯಲ್ಲ, ಹಾಗೆ. ಇವನು ನಂಬ್ತಾ ಇಲ್ಲ."

ಮಕ್ಕಳಿಗೆ ಮಾತು ಕೇಳಿಸಲಿ ಎಂದು ಬೇರೆ ಮಷಿನ್ನುಗಳನ್ನೆಲ್ಲ ನಿಲ್ಲಿಸಿದ್ದರು. ಹಾಗಾಗಿ ಎಲ್ಲರಿಗೂ ಕೇಳಿಸಿತು.

ಮಾಲೀಕರು ಬಗ್ಗಿದರು. ನಗು ಮುಖದಲ್ಲೇ ಇತ್ತು. "ಯಾವ ರಬ್ಬರ್ ಪುಟ್ಟಿ?"

"ಬಟನ್ನಿಗೆ ಕಟ್ಟೋದು ಅಂಕಲ್. ಕಪ್ಪಗಿರುತ್ತೆ. ಅಮ್ಮನ ಏಪ್ರನ್ ಜೇಬಲ್ಲಿದೆ."

ಮಾಲೀಕರು ಅಮ್ಮನಿಗೆ ಶಹಬ್ಬಾಸ್ ಎನ್ನುತ್ತಾರೆ ಎಂದೇ ಅವಳು ಅಂದುಕೊಂಡಿದ್ದಳು. ಅವರು ಅಮ್ಮನ ಮುಂದೆ ಕೈ ಚಾಚಿದರು. ಅಮ್ಮ ಜೇಬಿನಿಂದ ಪಟ್ಟಿ ತೆಗೆದು ಆ ಕೈ ಮೇಲೆ ಇಟ್ಟಳು. ಬೇರೆ ಮಷಿನ್ನುಗಳ ಮುಂದೆ ನಿಂತಿದ್ದ ಹೆಂಗಸರೆಲ್ಲ ತಮ್ಮ ತಮ್ಮ ಜೇಬಿನ ಮೇಲೆ ಕೈ ಇಟ್ಟುಕೊಂಡರು. ದೂರದ ಮೇಜಿನ ಬಳಿ ಡಬ್ಬಕ್ಕೆ ಪ್ಯಾಕೆಟ್ ತುಂಬುತ್ತಿದ್ದ ಚಿಕ್ಕಮ್ಮ ಕೈಲಿದ್ದ ಪ್ಯಾಕೆಟ್ಟನ್ನು ಕೆಳಗಿಡುವುದನ್ನೇ ಮರೆತಳು.

"ಏನಮ್ಮ ಇದು?" ಸೂಪರ್‌ವೈಸರ್ ದನಿ ಏರಿತು. "ಯಾವತ್ತಿಂದ ನಡೀತಿದೆ? ದಿನಾ ಬಡ್ಕೋತೀನಿ ಸರ್ ನಾನು. ಕೈ ಮೊದಲು, ಕೈ ಮೊದಲು ಅಂತ. ಇವರ ತಲೆಗೆ ಹೋದ್ರೆ ತಾನೇ."

ಪಟಪಟಿ ಅವನನ್ನೇ ನೋಡಿದಳು. ಇದೇ ಮನುಷ್ಯ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಹಳೆಯ ಸೈಕಲ್ ಟ್ಯೂಬನ್ನು ಕತ್ತರಿಯಿಂದ ಪಟ್ಟಿ ಪಟ್ಟಿಯಾಗಿ ಕತ್ತರಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಒಬ್ಬೊಬ್ಬರಿಗೆ ಒಂದೊಂದು ಹಂಚಿದ್ದ. ಈಗ ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಬೆಕ್ಕಿನ ಹಾಗೆ ನಿಂತಿದ್ದ. ಮಾನಗೆಟ್ಟವನು.

"ಅಂಕಲ್, ನೀವೇ ಅಲ್ವಾ..." ಎಂದಳು ಪಟಪಟಿ.

ಅಮ್ಮ ಅವಳ ಕಡೆ ನೋಡಿದಳು. ಕಣ್ಣು ಬಿಟ್ಟು ಗದರಿಸಲಿಲ್ಲ, ತಲೆ ಅಲ್ಲಾಡಿಸಲಿಲ್ಲ. ನೋಡಿದಳು, ಅಷ್ಟೆ. ಪಟಪಟಿ ಹಳದಿ ಗೆರೆಯಿಂದ ಒಂದು ಹೆಜ್ಜೆ ಹಿಂದೆ ಸರಿದಳು.

ಹೊರಡುವಾಗ ಮಾಲೀಕರು ಪ್ರತಿ ಮಗುವಿಗೂ ಒಂದೊಂದು ಟಿಶ್ಯೂ ಪ್ಯಾಕೆಟ್ ಕೊಟ್ಟರು. ವ್ಯಾನಿನಲ್ಲಿ ಕನ್ನಡಕದ ಹುಡುಗ ಪಕ್ಕಕ್ಕೆ ಬಂದು ಕೂತ. "ಹಾಗಾದ್ರೆ ಒಂದೇ ಕೈಲಿ ಮಾಡೋದು ನಿಜಾನೇ," ಎಂದ. ಗೆದ್ದವಳು ಅವಳೇ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಸಂಜೆ ಅಮ್ಮ ಮನೆಗೆ ಬಂದಾಗ ಹುಬ್ಬು, ಕೂದಲು, ರೆಪ್ಪೆ ಎಲ್ಲ ಕಾಗದದ ಧೂಳಿನಿಂದ ಬೆಳ್ಳಗಿದ್ದವು. ಮಧ್ಯಾಹ್ನವೇ ಅವಳನ್ನು ಪ್ರೆಸ್ಸಿನಿಂದ ತೆಗೆದು ರದ್ದಿ ಕೋಣೆಗೆ ಹಾಕಿದ್ದರು. ಕತ್ತರಿಸಿದ ಅಂಚು, ಹರಿದ ಹಾಳೆ, ಸೊಟ್ಟಗಾದ ಕಟ್ಟು ಎಲ್ಲವನ್ನೂ ಅಲ್ಲಿ ಕೈಯಲ್ಲಿ ಬಾಚಿ ಗೋಣಿಗೆ ತುಂಬಬೇಕು. ಕೂಲಿಯೂ ಕಮ್ಮಿ, ಗಾಳಿಯೂ ಕಮ್ಮಿ. ನೋಡಿ ಕಲಿತಿದ್ದಾಳಲ್ಲ ಎಂದು ಪ್ರೆಸ್ಸಿಗೆ ಚಿಕ್ಕಮ್ಮನನ್ನೇ ನಿಲ್ಲಿಸಿದ್ದರು. ಅಕ್ಕನ ಜಾಗದಲ್ಲಿ ತಂಗಿ.

ಒಂದು ಏಟು ಬಿದ್ದಿದ್ದರೆ ಪಟಪಟಿಗೆ ಹಗುರವಾಗುತ್ತಿತ್ತು. ಬೀಳಲಿಲ್ಲ. ಅಮ್ಮ ಬಾಗಿಲ ಬಳಿ ನಿಂತು ಸೆರಗು ಕೊಡವಿದಳು, ಕೆಮ್ಮಿದಳು, ಒಲೆ ಹಚ್ಚಿದಳು.

"ಅವರೇ ಕೊಟ್ಟಿದ್ದು ಅಂತ ಯಾಕಮ್ಮ ಹೇಳಲಿಲ್ಲ ನೀನು?"

ಉತ್ತರ ಕೊಟ್ಟದ್ದು ಜೊತೆಗೇ ಬಂದಿದ್ದ ಚಿಕ್ಕಮ್ಮ. "ಹೇಳಿದ್ರೆ? ಈಗ ನಿಮ್ಮಮ್ಮ ರದ್ದಿ ಕೋಣೇಲಿ. ಹೇಳಿದ್ದಿದ್ರೆ ನಾವಿಬ್ಬರೂ ಮನೇಲಿ."

"ಮಾಲೀಕರಿಗೆ ಗೊತ್ತಾಗ್ತಿತ್ತಲ್ಲ. ಪಾಪ, ಅವರಿಗೆ ಗೊತ್ತೇ ಇರಲಿಲ್ಲ."

ಅಮ್ಮ ನಕ್ಕಳು. ಕೇಳಿದರೆ ಜೊತೆಗೆ ನಗಬೇಕು ಅನ್ನಿಸುವಂಥ ನಗುವಲ್ಲ. "ದಿನಕ್ಕೆ ಇಷ್ಟು ಪ್ಯಾಕೆಟ್ ಆಗಲೇಬೇಕು ಅಂತ ಹೇಳೋರು ಯಾರು? ಅವರೇ. ಎರಡೂ ಕೈ ಬಟನ್ ಮೇಲಿಟ್ರೆ ಅಷ್ಟು ಆಗುತ್ತಾ ಅಂತ ಅವರಿಗೆ ಗೊತ್ತಿಲ್ವಾ?"

ಪಟಪಟಿ ತನ್ನ ಪ್ಯಾಕೆಟ್ಟನ್ನು ಒಡೆಯದೆ ಹಾಸಿಗೆಯ ಕೆಳಗೆ ತಳ್ಳಿದಳು.

ಶನಿವಾರ ಅವಳು ಎರಡು ಡಬ್ಬಿ ಹಿಡಿದು ಹೋದಳು. ರದ್ದಿ ಕೋಣೆಗೆ ಕಿಟಕಿಯೇ ಇರಲಿಲ್ಲ. ಒಳಗಿನಿಂದ ಕೆಮ್ಮು ಮಾತ್ರ ಕೇಳಿಸಿತು. ಪ್ರೆಸ್ಸಿನ ಕಿಟಕಿಯಲ್ಲಿ ಇಣುಕಿದಳು. ಚಿಕ್ಕಮ್ಮ ಎರಡೂ ಕೈ ಬಟನ್ ಮೇಲಿಟ್ಟು ಒತ್ತುತ್ತಿದ್ದಳು. ಕಟ್ಟು ವಾಲುತ್ತಿತ್ತು. ತೆಗೆದು ಬುಟ್ಟಿಗೆ ಹಾಕುತ್ತಿದ್ದಳು. ಮತ್ತೆ ಇಡುತ್ತಿದ್ದಳು, ಮತ್ತೆ ವಾಲುತ್ತಿತ್ತು. ಬುಟ್ಟಿ ತುಂಬಿ ಚೆಲ್ಲುತ್ತಿತ್ತು.

ಸೂಪರ್‌ವೈಸರ್ ಬಂದ. ಬುಟ್ಟಿಯೊಳಗೆ ಇಣುಕಿದ. ಬೈಯಲಿಲ್ಲ. ಜೇಬಿನಿಂದ ಒಂದು ಕಪ್ಪು ಪಟ್ಟಿ ತೆಗೆದು, ಯಾರೋ ಬೀಳಿಸಿಕೊಂಡದ್ದನ್ನು ಎತ್ತಿಡುವವನ ಹಾಗೆ ಮಷಿನ್ನಿನ ಪಕ್ಕಕ್ಕೆ ಇಟ್ಟ. ಕಿವಿ ಕೆರೆದುಕೊಂಡ. ಗೋಡೆಯ ಮೇಲಿನ ದೊಡ್ಡ ಅಕ್ಷರಗಳ ಕೆಳಗೇ ನಡೆದು ಹೋದ.

ಚಿಕ್ಕಮ್ಮ ಸ್ವಲ್ಪ ಹೊತ್ತು ಪಟ್ಟಿಯನ್ನೇ ನೋಡಿದಳು. ಆಮೇಲೆ ತೆಗೆದುಕೊಂಡು ಎಡಗಡೆಯ ಬಟನ್ನಿಗೆ ಸುತ್ತತೊಡಗಿದಳು.

"ಏನು ಪುಟ್ಟಿ, ಇಲ್ಲೇನು ಮಾಡ್ತಿದ್ದೀಯಾ?"

ಪಟಪಟಿ ಬೆಚ್ಚಿ ತಿರುಗಿದಳು. ಮಾಲೀಕರು ಕಾರಿನಿಂದ ಇಳಿದು ಬರುತ್ತಿದ್ದರು. ಮುಖದಲ್ಲಿ ಅದೇ ನಗು. ಅವರ ಬಲಗಡೆಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕಿಟಕಿ ಇತ್ತು. ಒಂದೇ ಒಂದು ಸಲ ತಲೆ ತಿರುಗಿಸಿದ್ದರೆ ಎಲ್ಲ ಕಾಣುತ್ತಿತ್ತು. ಅವರು ತಿರುಗಿಸಲಿಲ್ಲ.

ಅವಳು ಬಾಯಿ ತೆರೆದಳು. ಮಾತುಗಳೆಲ್ಲ ನಾಲಿಗೆಯ ತುದಿಗೇ ಬಂದು ನಿಂತಿದ್ದವು.

"ಊಟ ತಂದಿದ್ದೆ ಅಂಕಲ್," ಎಂದಳು.

"ಗುಡ್ ಗರ್ಲ್," ಎಂದು ಮಾಲೀಕರು ಅವಳ ತಲೆ ತಟ್ಟಿ ಒಳಗೆ ಹೋದರು.

ಮುಂದಿನ ವಾರ ಒಂದು ಸಂಜೆ ಚಿಕ್ಕಮ್ಮ ಎಂದಿಗಿಂತ ತಡವಾಗಿ ಬಂದಳು. ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಅಮ್ಮ ಆ ಕೈಯನ್ನು ಮೆಲ್ಲಗೆ ಹೊರಗೆ ತೆಗೆದಳು. ತೋರುಬೆರಳಿಗೆ ಸುತ್ತಿದ್ದ ಟಿಶ್ಯೂ ಒದ್ದೆಯಾಗಿ, ಕೆಂಪಾಗಿ, ಬೆರಳಿಗೇ ಅಂಟಿಕೊಂಡಿತ್ತು. ಅಮ್ಮ ನೀರು ಕಾಯಿಸಲು ಎದ್ದಳು.

ಚಿಕ್ಕಮ್ಮ ಪಟಪಟಿಯ ಕಡೆ ನೋಡಿ ನಗಲು ಯತ್ನಿಸಿದಳು.

"ಬಾಗಿಲಿಗೆ ಸಿಕ್ಕಿತು ಕಣೆ."

ಪಟಪಟಿ ಹಾಸಿಗೆಯ ಕೆಳಗೆ ಕೈ ಹಾಕಿ ಪ್ಯಾಕೆಟ್ ಎಳೆದಳು. ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ಕವರ್ ಹರಿದದ್ದೇ ತಡ, ಅಮುಕಿಟ್ಟಿದ್ದ ಹಾಳೆಗಳೆಲ್ಲ ಉಸಿರು ಬಿಟ್ಟ ಹಾಗೆ ಮೇಲೆದ್ದವು. ಒಂದನ್ನು ಮಡಚಿ ಬಿಸಿನೀರಿನಲ್ಲಿ ಅದ್ದಿ, ಚಿಕ್ಕಮ್ಮನ ಬೆರಳಿನ ಮೇಲಿಟ್ಟು, ಅಂಟಿದ್ದನ್ನು ಸ್ವಲ್ಪ ಸ್ವಲ್ಪವೇ ಬಿಡಿಸಿದಳು.

ಚಿಕ್ಕಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. ಇನ್ನೇನು ಕೇಳುತ್ತಾಳೆ, ಇನ್ನೇನು ಕೇಳುತ್ತಾಳೆ ಎಂದು.

ಯಾವ ಬಾಗಿಲು ಎಂದು ಪಟಪಟಿ ಕೇಳಲಿಲ್ಲ.