ಒಂದು ದಾಳಿಯ ಅನುಭವ

ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಆಸ್ಪತ್ರೆಯ ಆಡಳಿತಾಧಿಕಾರಿ ಠಾಣೆಗೆ ಬಂದಾಗ ಅವರ ಅಂಗಿಯ ಗುಂಡಿಗಳು ಒಂದಕ್ಕೊಂದು ತಪ್ಪಿ ಕೂತಿದ್ದವು. ಬರೆದುಕೊಟ್ಟ ದೂರು ನಾಲ್ಕೇ ಸಾಲಿನದು. ಎಂಟು ಗಂಟೆಯಿಂದ ಆಸ್ಪತ್ರೆಯ ಯಾವ ಕಂಪ್ಯೂಟರೂ ಕೆಲಸ ಮಾಡುತ್ತಿಲ್ಲ. ತೆರೆದರೆ ಕಡತಗಳಿಗೆ ಬೀಗ ಹಾಕಲಾಗಿದೆ ಎಂಬ ಕೆಂಪು ಬರಹ ಮಾತ್ರ ಕಾಣುತ್ತದೆ.

"ಕಾಗದದ ಫೈಲು ಇರ್ಬೇಕಲ್ಲ?" ಎಂದರು ಇನ್ಸ್‌ಪೆಕ್ಟರ್.

"ಹೋದ ವರ್ಷವೇ ನಿಲ್ಲಿಸಿದ್ವಿ ಸಾರ್. ಯಾರಿಗೆ ಯಾವ ಔಷಧಿ ಆಗಲ್ಲ ಅನ್ನೋದೂ ಅದರೊಳಗೇ ಇದೆ. ಬೇಗ ಬನ್ನಿ."

ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ಇಡೀ ಸರ್ವೀಸು ಮನೆಗಳ್ಳರ ಬೆನ್ನು ಹತ್ತಿದವರು; ಕಂಪ್ಯೂಟರ್ ಅವರಿಗೆ ಕಬ್ಬಿಣದ ಕಡಲೆ. ಜೊತೆಗೆ ಹೊರಟವಳು ಒಬ್ಬ ಮಹಿಳಾ ಕಾನ್‌ಸ್ಟೇಬಲ್. ಸೈಬರ್ ತರಬೇತಿಗೆ ಯಾರು ಹೋಗ್ತೀರಿ ಎಂದು ಕೇಳಿದಾಗ ಉಳಿದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದಿದ್ದರಿಂದ ಮುಂದೆ ನಿಂತವಳು ಅವಳೊಬ್ಬಳೇ ಆಗಿದ್ದಳು. ಅಂದಿನಿಂದ ಠಾಣೆಯಲ್ಲಿ ಅವಳಿಗೆ ಕಂಪ್ಯೂಟರಮ್ಮ ಎಂದೇ ಹೆಸರು.

ಆಸ್ಪತ್ರೆಯ ಕಂಪ್ಯೂಟರ್ ವಿಭಾಗ ನೆಲಮಾಳಿಗೆಯಲ್ಲಿತ್ತು. ಕಿಟಕಿಯಿಲ್ಲದ ಕೋಣೆ, ಮೂರು ಮೇಜು, ಮೂಲೆಯಲ್ಲಿ ಕೆಟ್ಟ ಕೀಬೋರ್ಡುಗಳ ರಾಶಿ. ವಿಭಾಗದ ಮುಖ್ಯಸ್ಥ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಸುದ್ದಿ ತಿಳಿದ ಕೂಡಲೇ ಎಲ್ಲ ಕೇಬಲ್‌ಗಳನ್ನೂ ಕಿತ್ತುಹಾಕಿಸಿದ್ದ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಎರಡನೇ ಮೇಜಿನವನು ರಜೆಯಲ್ಲಿದ್ದ. ಮೂರನೇ ಮೇಜಿನಲ್ಲಿದ್ದವನು ಆರು ತಿಂಗಳ ಹಿಂದೆ ಸೇರಿದ ಟ್ರೈನಿ. ವಾರ್ಡಿಂದ ವಾರ್ಡಿಗೆ ಓಡಾಡಿ ಮೌಸ್ ಬದಲಿಸುವುದು, ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆ ಎಳೆಯುವುದು ಅವನ ಕೆಲಸ. ನರ್ಸುಗಳು ಅವನನ್ನು ಪ್ರೀತಿಯಿಂದಲೋ ಗೇಲಿಗೋ ಮೌಸಪ್ಪ ಎನ್ನುತ್ತಿದ್ದರು.

"ಯಾರೂ ಯಾವುದಕ್ಕೂ ಕೈ ಹಚ್ಚೋ ಹಾಗಿಲ್ಲ," ಎಂದರು ಇನ್ಸ್‌ಪೆಕ್ಟರ್. ಸಾಕ್ಷ್ಯ ಕೆಡಬಾರದು ಎಂಬುದು ಅವರ ಮೊದಲ ಪಾಠ.

"ಸಾರ್, ನಾನೊಂದ್ಸಲ ನೋಡ್ಲಾ?" ಎಂದ ಮೌಸಪ್ಪ.

"ಹೇಳಿದ್ದು ಕೇಳಿಸ್ಲಿಲ್ವಾ? ಕೂತ್ಕೋ."

ಅವನು ಕೂತ. ಹತ್ತು ಗಂಟೆಗೆ ಡ್ಯೂಟಿ ಡಾಕ್ಟರ್ ಓಡಿಬಂದರು. "ಯಾವಾಗ ಸರಿಯಾಗತ್ತೆ ಇದು? ಮೇಲೆ ಒಬ್ಬಾಕೆಗೆ ಜ್ವರ ಏರಿ ಪ್ರಜ್ಞೆ ತಪ್ಪಿದೆ. ಯಾವ ಔಷಧಿ ಆಗುತ್ತೆ, ಯಾವುದು ಆಗಲ್ಲ ಒಂದೂ ಗೊತ್ತಿಲ್ಲ. ಗಂಡ ಫೋನ್ ಎತ್ತುತ್ತಿಲ್ಲ. ಹೀಗೇ ಬಿಟ್ರೂ ಉಳಿಯಲ್ಲ. ಎಷ್ಟು ಹೊತ್ತು ಕೈಕಟ್ಟಿ ನಿಲ್ಲಲಿ?"

ಮೌಸಪ್ಪ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಡಾಕ್ಟರ್ ಕಾದಷ್ಟು ಕಾದು, ಕೊನೆಗೆ ಎಲ್ಲರಿಗೂ ಕೊಡುವ ಇಂಜೆಕ್ಷನ್ನನ್ನೇ ಕೊಟ್ಟರು. ಆ ಹೆಂಗಸಿನ ದೇಹಕ್ಕೆ ಅದೊಂದೇ ಆಗುತ್ತಿರಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಆಕೆ ತೀರಿಕೊಂಡಳು.

ಗಂಡ ಬಡಗಿ. ಗರಗಸದ ಯಂತ್ರದ ಸದ್ದಿನಲ್ಲಿ ಅವನಿಗೆ ಫೋನು ಕೇಳಿರಲಿಲ್ಲ. ತಲೆಯ ತುಂಬ ಮರದ ಹುಡಿ ಹೊತ್ತುಕೊಂಡೇ ಬಂದವನು ವಾರ್ಡಿನ ಬಾಗಿಲಲ್ಲಿ ಒಂದೇ ಮಾತು ಹೇಳುತ್ತಿದ್ದ. "ಸೇರಿಸೋವಾಗ್ಲೇ ಹೇಳಿದ್ದೆನಲ್ಲ. ಬರ್ಕೊಂಡ್ರಲ್ಲ. ನನ್ನ ಮುಂದೇನೇ ಕಂಪ್ಯೂಟರಲ್ಲಿ ಬರ್ಕೊಂಡ್ರಲ್ಲ."

ಇನ್ಸ್‌ಪೆಕ್ಟರ್ ಅವನೆದುರು ನಿಲ್ಲಲಾರದೆ ನೆಲಮಾಳಿಗೆಗೆ ಇಳಿದರು. ಕಂಪ್ಯೂಟರಮ್ಮ ಅವರಿಗಾಗಿಯೇ ಕಾಯುತ್ತಿದ್ದಳು.

"ಸಾರ್, ಬೀಗ ಬಿದ್ದದ್ದು ಎಂಟಕ್ಕೆ. ಅದಕ್ಕೆ ಮುಂಚೆ ಯಾರೋ ಈ ಕೋಣೇಲೇ ಕೂತು ಎಲ್ಲ ಕಡತಾನೂ ಒಂದು ಡಿಸ್ಕಿಗೆ ಪ್ರತಿ ಮಾಡ್ಕೊಂಡಿದ್ದಾರೆ."

"ಕದ್ದಿದ್ದಾರೆ ಅನ್ನು."

"ನಾನೂ ಹಾಗೇ ಅಂದ್ಕೊಂಡೆ. ಆದ್ರೆ ಪ್ರತಿ ಮಾಡಿದ ಮೇಲೆ ಅದು ವಾಪಸ್ ಹಾಕೋಕೆ ಬರತ್ತಾ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ. ಕದಿಯೋನಿಗೆ ಆ ಉಸಾಬರಿ ಯಾಕೆ?"

ಇನ್ಸ್‌ಪೆಕ್ಟರಿಗೆ ಕಂಪ್ಯೂಟರ್ ತಿಳಿಯದಿದ್ದರೂ ಕಳ್ಳರು ಗೊತ್ತಿದ್ದರು. ಮನೆಯೊಡೆಯನಿಗೆ ತೊಂದರೆಯಾಗದಿರಲಿ ಎಂದು ಇನ್ನೊಂದು ಬೀಗದ ಕೈ ಮಾಡಿಸಿಡುವ ಕಳ್ಳನನ್ನು ಅವರು ಈವರೆಗೆ ಕಂಡಿರಲಿಲ್ಲ. ಮುಖ್ಯಸ್ಥನನ್ನು ಕರೆದರು.

"ಪ್ರತಿ ತೆಗೆಯೋ ಪದ್ಧತಿ ನಿಮ್ಮಲ್ಲಿದ್ಯಾ?"

"ಶುಕ್ರವಾರ ಮಾತ್ರ ತೆಗೀತೀವಿ ಸಾರ್, ಅದನ್ನ ಬೇರೆ ಕಟ್ಟಡದಲ್ಲಿ ಇಡ್ತೀವಿ. ತರಿಸಿ ಹಾಕೋಕೆ ಸಂಜೆ ಆಗತ್ತೆ. ಅದು ಬಿಟ್ರೆ, ಯಾವ ಯಂತ್ರಕ್ಕಾದ್ರೂ ಕೈ ಹಾಕೋ ಮುಂಚೆ ಮೊದಲು ಪ್ರತಿ ತೆಗಿ, ಡಿಸ್ಕಿನ ಮೇಲೆ ಚೀಟಿ ಅಂಟಿಸು ಅಂತ ಹೊಸಬರಿಗೆ ಮೊದಲ ದಿನವೇ ಕಲಿಸ್ತೀನಿ."

ಇಬ್ಬರು ಪಂಚರನ್ನು ಕರೆಸಿ ಮೂರು ಮೇಜುಗಳನ್ನೂ ಶೋಧಿಸಿದರು. ಮೂರನೆಯದರ ಡ್ರಾಯರಿನಲ್ಲಿ, ಕೆಟ್ಟ ಮೌಸ್‌ಗಳ ಅಡಿಯಲ್ಲಿ, ಒಂದು ಡಿಸ್ಕ್ ಸಿಕ್ಕಿತು. ಮೇಲೆ ಬಿಳಿ ಚೀಟಿ, ಅದರಲ್ಲಿ ಆ ದಿನದ ತಾರೀಖು, ಗುಂಡಗಿನ ಅಕ್ಷರದಲ್ಲಿ. ಕಂಪ್ಯೂಟರಮ್ಮ ಪಂಚರ ಎದುರೇ ತೆರೆದು ನೋಡಿದಳು. ಬಡಗಿಯ ಹೆಂಡತಿಯ ಕಡತವೂ ಅದರಲ್ಲಿತ್ತು. ಆಗದ ಔಷಧಿಯ ಹೆಸರು ಮೊದಲ ಸಾಲಿನಲ್ಲೇ ಇತ್ತು. ಆ ಸಾಲನ್ನೂ ಅವಳು ಪಂಚನಾಮೆಗೆ ಬರೆದಳು.

"ಇದು ಯಾರದ್ದು?" ಎಂದರು ಇನ್ಸ್‌ಪೆಕ್ಟರ್.

"ನಂದೇ ಸಾರ್," ಎಂದ ಮೌಸಪ್ಪ.

"ಬೀಗ ಹಾಕಿದ್ದು?"

"ನಾನೇ."

"ಯಾಕೆ?"

"ಅರ್ಧ ಗಂಟೇಲಿ ನಾನೇ ತೆಗೀಬೇಕು ಅಂತಿದ್ದೆ. ಹೊರರೋಗಿಗಳು ಬರೋದ್ರೊಳಗೆ ಎಲ್ಲ ಸರಿ ಆಗ್ತಿತ್ತು. ಅಷ್ಟರಲ್ಲಿ ನಮ್ಮ ಸಾರ್ ಕೇಬಲ್ ಕಿತ್ತು ಹಾಕಿಸಿದ್ರು, ನನ್ನನ್ನ ಹತ್ರಕ್ಕೇ ಬಿಡಲಿಲ್ಲ. ಆಮೇಲೆ ನೀವು ಬಂದ್ರಿ. ಕೇಳಿದೆ. ಬೇಡ ಅಂದ್ರಿ."

ಇನ್ಸ್‌ಪೆಕ್ಟರಿಗೆ ಯಾರೋ ಕಪಾಳಕ್ಕೆ ಬಾರಿಸಿದಂತಾಯಿತು. ಸಿಟ್ಟಿನಿಂದ ದನಿ ಏರಿತು. "ಡಾಕ್ಟರ್ ಬಂದು ಬಾಯಿ ಬಡ್ಕೊಂಡ್ರಲ್ಲೋ! ಡಿಸ್ಕು ನಿನ್ನ ಮೊಣಕಾಲಿಗೆ ತಾಗ್ತಾ ಇತ್ತು. ಇಲ್ಲಿದೆ ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ?"

"ಹೇಳಿದ್ರೆ ಸಿಕ್ಕಿಬೀಳ್ತಿದ್ದೆ ಸಾರ್. ಇನ್ನೊಂದು ಗಳಿಗೆ ನೋಡೋಣ, ಇನ್ನೊಂದು ಗಳಿಗೆ ನೋಡೋಣ ಅಂತ..." ಮೇಜಿನ ಮೇಲೆ ತಲೆಯಿಟ್ಟು ಹೋ ಎಂದು ಅತ್ತ.

ಮಧ್ಯಾಹ್ನ ಎರಡಕ್ಕೆ ಬಂಧನ. ಎಫ್‌ಐಆರ್‌ಗೆ ಸಾವಿನ ಕಲಮೂ ಸೇರಿತು. ಹೇಳಿಕೆಯಲ್ಲಿ ಉಳಿದದ್ದೂ ಬಂತು. ಎರಡು ವರ್ಷ ಓದಿ ಸೈಬರ್ ಭದ್ರತೆಯ ಪರೀಕ್ಷೆ ಪಾಸು ಮಾಡಿದ್ದ. ಹೋದಲ್ಲೆಲ್ಲ ಅನುಭವ ಇದ್ಯಾ ಎಂದು ಕೇಳಿ ವಾಪಸ್ ಕಳಿಸಿದ್ದರು. ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು ಎಂದು ಯಾರೂ ಹೇಳಿರಲಿಲ್ಲ. ಇಲ್ಲಿ ಭದ್ರತಾ ಹುದ್ದೆ ಖಾಲಿಯಾದಾಗ ಕೇಳಿದ್ದಕ್ಕೆ ಮುಖ್ಯಸ್ಥ, "ಒಂದು ದಾಳಿನಾದ್ರೂ ಎದುರಿಸಿದ್ಯೇನೋ? ಹೋಗು, ಮೂರನೇ ವಾರ್ಡಲ್ಲಿ ಪ್ರಿಂಟರ್ ನಿಂತಿದೆ," ಎಂದಿದ್ದ. ಇನ್ಸ್‌ಪೆಕ್ಟರ್ ವಿಚಾರಿಸಿದಾಗ ಮುಖ್ಯಸ್ಥ ಅಲ್ಲಗಳೆಯಲಿಲ್ಲ. ಎಲ್ಲರಿಗೂ ಹಾಗೇ ಹೇಳ್ತೀನಿ ಸಾರ್, ತಮಾಷೆಗೆ ಅಂದದ್ದು, ಎಂದ.

ಸಂಜೆ ಬಡಗಿ ತನ್ನ ಹೇಳಿಕೆಗೆ ಸಹಿ ಹಾಕಲು ಠಾಣೆಗೆ ಬಂದ. ಹಾಕಿದ ಮೇಲೂ ಏಳಲಿಲ್ಲ.

"ಅವನು ದುಡ್ಡಿಗೋಸ್ಕರ ಮಾಡಿದ್ನಾ ಸಾರ್?"

"ಇಲ್ಲ."

"ನಮ್ಮ ಮೇಲೇನಾದ್ರೂ ದ್ವೇಷ?"

"ಅವನಿಗೆ ನೀವು ಯಾರಂತಾನೇ ಗೊತ್ತಿಲ್ಲ."

"ಮತ್ತೇನು ಬೇಕಿತ್ತಂತೆ?"

ಇನ್ಸ್‌ಪೆಕ್ಟರ್ ಸಹಿಯಾದ ಹಾಳೆಯನ್ನು ಫೈಲಿಗೆ ಸೇರಿಸಿದರು. "ಕೆಲಸ," ಎಂದರು.

ಬಡಗಿ ಅರ್ಥವಾಗದೆ ಅವರ ಮುಖವನ್ನೇ ನೋಡಿದ. "ಕೆಲಸ ಇತ್ತಲ್ಲ ಸಾರ್ ಅವನಿಗೆ?"