ಎದುರು ಮೂಲೆಯವನು

ಹೆಂಗಸರ ಸಾಲಿನಲ್ಲಿ ಒಬ್ಬ ಗಂಡಸು ನಿಂತಿದ್ದ. ಅದೂ ಕೈಯಲ್ಲೊಂದು ಜೊತೆ ಹೆಣ್ಣುಮಕ್ಕಳ ಚಪ್ಪಲಿ ಹಿಡಿದುಕೊಂಡು.

ಕ್ರೀಡಾಕೂಟದ ಮೊದಲ ಬೆಳಗ್ಗೆ, ಬಾಕ್ಸರ್‌ಗಳ ತೂಕ ನೋಡುವ ಕೋಣೆಯ ಹೊರಗೆ. ತೂಕ ಎಲ್ಲಿ ಕೂದಲೆಳೆಯಷ್ಟು ಹೆಚ್ಚಾಗಿಬಿಡುತ್ತದೋ ಎಂದು ಬಾಯಿಗೆ ನೀರೂ ಹಾಕದೆ ಬಂದಿದ್ದ ಅವಳಿಗೆ ಅವನನ್ನು ಕಂಡು ಮೈ ಉರಿಯಿತು.

"ರೀ, ಇದು ಹೆಂಗಸರ ಸಾಲು."

"ಗೊತ್ತು ರೀ."

"ಗೊತ್ತಿದ್ದೂ ನಿಂತಿದೀರಾ?"

"ನಾನೆಲ್ಲಿ ನಿಂತಿದೀನಿ? ಚಪ್ಪಲಿ ನಿಂತಿದೆ. ಅದು ಬೀಳದ ಹಾಗೆ ಹಿಡ್ಕೊಂಡಿದೀನಿ, ಅಷ್ಟೇ."

ನಗಬಾರದು ಅಂದುಕೊಂಡಳು. ಒಣಗಿದ ತುಟಿ ಬಿರಿದು ಉರಿಯಿತು. ನಕ್ಕಿದ್ದಳು.

ಅಷ್ಟರಲ್ಲಿ ಚಪ್ಪಲಿಯ ಒಡತಿ ಬಂದು ಅವನ ತಲೆಗೊಂದು ಮೊಟಕಿದಳು. "ಏನಮ್ಮಾ, ಈ ಕತ್ತರಿ ನಿನ್ನ ತಲೆ ತಿಂದ್ನಾ? ನನ್ನ ತಮ್ಮ. ಸಲೂನ್ ಇಟ್ಟಿದಾನೆ. ಗಿರಾಕಿಗಳ ಕೂದಲಿಗಿಂತ ಕಿವಿ ಹೆಚ್ಚು ಕತ್ತರಿಸೋದು, ಮಾತಾಡಿ ಮಾತಾಡಿ."

ತಾಯಿ ಹೋದ ಮೇಲೆ ಆ ಅಕ್ಕನೇ ಕತ್ತರಿಯನ್ನು ಸಾಕಿದವಳು. ಎಷ್ಟೋ ಕೂಟಗಳಲ್ಲಿ ಆಡಿ ಕಂಚು, ಬೆಳ್ಳಿ ಗೆದ್ದಿದ್ದಳು. ಚಿನ್ನ ಮಾತ್ರ ಕೈಗೆ ಬಂದಿರಲಿಲ್ಲ. ವಯಸ್ಸು ಮಿತಿ ಮುಟ್ಟಿತ್ತು. ಇದೇ ಕೊನೆಯ ಕೂಟ. ಅಕ್ಕನ ಕೈಗೆ ಪಟ್ಟಿ ಸುತ್ತುವುದು, ಜಡೆ ಹೆಣೆಯುವುದು, ಅವಳ ಮೂಲೆಯಲ್ಲಿ ನೀರಿನ ಬಾಟಲಿ ಹಿಡಿದು ನಿಲ್ಲುವುದು ಕತ್ತರಿಯ ಕೆಲಸ.

ಇವಳಿಗೆ ಎಲ್ಲರೂ ಎಡಚಿ ಅನ್ನುತ್ತಿದ್ದರು. ಅಪ್ಪನ ಟೈರ್ ಅಂಗಡಿಯಲ್ಲಿ ಎಡಗೈಯಲ್ಲೇ ಸರಳು ಹಾಕಿ ಲಾರಿ ಟೈರು ಕಳಚುತ್ತಿದ್ದವಳು ರಿಂಗಿನಲ್ಲೂ ಎಡಗೈಯವಳೇ. ಅಕ್ಕನದೂ ಅವಳದೂ ಒಂದೇ ತೂಕದ ವಿಭಾಗ. ಆದರೆ ಪಂದ್ಯಗಳ ಪಟ್ಟಿಯಲ್ಲಿ ಒಬ್ಬರು ಮೇಲಿನ ಅರ್ಧದಲ್ಲಿ, ಒಬ್ಬರು ಕೆಳಗಿನ ಅರ್ಧದಲ್ಲಿ. ಇಬ್ಬರೂ ಎದುರಾಗಬೇಕಾದರೆ ಅದು ಫೈನಲ್‌ನಲ್ಲೇ. ಅದಕ್ಕೂ ಮೊದಲು ಎಡಚಿ ಹಿಂದಿನ ಸಲದ ಚಿನ್ನದವಳನ್ನು ದಾಟಬೇಕಿತ್ತು. ದಾಟುತ್ತಾಳೆಂದು ಯಾರೂ ಎಣಿಸಿರಲಿಲ್ಲ.

ಆಮೇಲಿನ ದಿನಗಳಲ್ಲಿ ಊಟದ ಹಾಲ್‌ನಲ್ಲಿ, ಬಸ್ಸಿನಲ್ಲಿ, ಅಭ್ಯಾಸದ ಶೆಡ್ಡಿನ ಬಾಗಿಲಲ್ಲಿ ಅವನು ಸಿಗುತ್ತಲೇ ಇದ್ದ. ಸಿಕ್ಕಾಗಲೆಲ್ಲ ಮೊದಲು ಅವಳ ಕೂದಲು ನೋಡಿ ನಿಟ್ಟುಸಿರು ಬಿಡುತ್ತಿದ್ದ.

"ಏನು ರೀ ಹಾಗೆ ನೋಡ್ತೀರಾ?"

"ಆ ಗಂಟು ನೋಡಿದ್ರೆ ನನ್ನ ಕಸುಬಿಗೇ ಅವಮಾನ ಅನ್ನಿಸುತ್ತೆ. ಹೆಡ್‌ಗಾರ್ಡ್ ಜಾರುತ್ತೆ, ಕಣ್ಣಿಗೆ ಬರುತ್ತೆ. ಒಂದು ಸಲ ನನ್ನ ಕೈಗೆ ಕೊಡಿ."

"ಏನನ್ನ?"

"ತಲೆಯನ್ನ ರೀ." ಹೇಳಿದವನ ಕಿವಿಯೇ ಕೆಂಪಾಯಿತು.

ಸೆಮಿಫೈನಲ್‌ನ ಬೆಳಗ್ಗೆ ಕೊಟ್ಟಳು. ಡ್ರೆಸ್ಸಿಂಗ್ ರೂಮಿನ ಹೊರಗಿನ ಬೆಂಚಿನಲ್ಲಿ ಅವಳು ಕೂತಳು. ಅವನು ಹಿಂದೆ ನಿಂತ. ಟೈರು, ಗ್ಲೌಸು, ಪೆಟ್ಟು ಬಿಟ್ಟರೆ ಬೇರೇನೂ ಗೊತ್ತಿಲ್ಲದ ಅವಳ ಮೈಗೆ ಆ ಬೆರಳುಗಳು ಹೊಸ ಸಮಾಚಾರ. ತುದಿಯಿಂದ ಶುರುಮಾಡಿ, ಸಿಕ್ಕು ಬಿಡಿಸುತ್ತ, ನಿಧಾನ ಮೇಲೆ ಬಂದ.

"ನೋವಾಯ್ತಾ?"

"ಮುಖಕ್ಕೆ ಗುದ್ದಿಸಿಕೊಳ್ಳೋಳಿಗೆ ಬಾಚಣಿಗೆ ನೋವಾಗುತ್ತಾ?"

"ನಮ್ಮಕ್ಕನಿಗೆ ಆಗುತ್ತೆ. ಗುದ್ದಿಗೆ ಅಳಲ್ಲ, ಬಾಚಣಿಗೆಗೆ ಅಳ್ತಾಳೆ." ಬೆರಳು ಹೆಣೆಯುತ್ತಿದ್ದವು, ಬಾಯಿ ತನ್ನ ಪಾಡಿಗೆ ಹರಿಯುತ್ತಿತ್ತು. "ಈಗೀಗ ಪಾಪ, ಎಡಗೈ ಎತ್ತಿ ಕ್ಲಿಪ್ ಹಾಕ್ಕೊಳ್ಳೋಕೂ ಆಗಲ್ಲ. ಭುಜ ಹೋಗಿದೆ. ದಿನಾ ಬಿಸಿನೀರಿನ ಚೀಲ ಇಡ್ತೀನಿ. ಎರಡು ಸುತ್ತು ಹೇಗೋ ಹಲ್ಲು ಕಚ್ಚಿ ಹಿಡೀತಾಳೆ. ಮೂರನೇದ್ರಲ್ಲಿ ಆ ಕೈ ತಾನಾಗೇ ಕೆಳಗೆ ಬಂದ್ಬಿಡುತ್ತೆ. ಅವಳ ಕೋಚ್‌ಗೂ ಗೊತ್ತಿಲ್ಲ..."

ಬೆರಳು ನಿಂತವು.

"ಇದನ್ನ ಯಾರಿಗೂ..."

"ನಾನ್ಯಾರಿಗೆ ಹೇಳಲಿ?" ಅಂದಳು ಎಡಚಿ.

ಆ ಮಾತು ಉಳಿಸಿಕೊಂಡಳು ಕೂಡ. ಯಾರಿಗೂ ಹೇಳಲಿಲ್ಲ.

ಅವತ್ತು ಹೆಡ್‌ಗಾರ್ಡ್ ಒಂದಿಷ್ಟೂ ಜಾರಲಿಲ್ಲ. ಹಿಂದಿನ ಸಲದ ಚಿನ್ನದವಳನ್ನು ಎಡಚಿ ಸೋಲಿಸಿಬಿಟ್ಟಳು. ಅಕ್ಕ ಆಗಲೇ ತನ್ನ ಸೆಮಿಫೈನಲ್ ಗೆದ್ದಾಗಿತ್ತು. ರೆಫರಿ ಕೈ ಎತ್ತಿದಾಗ ಅವಳ ಕಣ್ಣು ಮೊದಲು ಹುಡುಕಿದ್ದು ಅವನನ್ನು. ಅವನು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ. ತಟ್ಟುತ್ತ ತಟ್ಟುತ್ತ, ಏನೋ ನೆನಪಾದವನ ಹಾಗೆ, ಅವನ ಕೈಗಳು ಗಾಳಿಯಲ್ಲೇ ನಿಂತುಬಿಟ್ಟವು.

ಫೈನಲ್‌ನ ದಿನ ಅವಳು ತನ್ನ ಜಡೆ ತಾನೇ ಹಾಕಿಕೊಂಡಳು. ಅವನೂ ಈ ಕಡೆ ಸುಳಿಯಲಿಲ್ಲ.

"ಎದುರಾಳಿ ಬಗ್ಗೆ ನಿನಗೇನಾದ್ರೂ ಗೊತ್ತೇನೇ?" ಕೋಚ್ ಮೇಡಂ ಗ್ಲೌಸಿನ ದಾರ ಬಿಗಿಯುತ್ತ ಕೇಳಿದರು.

"ಇಲ್ಲ ಮೇಡಂ."

ಆ ಸುಳ್ಳು ಹೇಳಿದಾಗ ಅವಳಿಗೆ ಹೆಮ್ಮೆಯೇ ಆಯಿತು. ಅವನು ನಂಬಿ ಆಡಿದ ಮಾತನ್ನು ರಿಂಗಿನ ಹಗ್ಗದಾಚೆಗೇ ಬಿಟ್ಟು ಒಳಗೆ ಹೋಗುತ್ತೇನೆ ಅಂದುಕೊಂಡಳು.

ಮೊದಲ ಸುತ್ತು ಅಕ್ಕನದಾಯಿತು. ಎಷ್ಟು ವರ್ಷದ ಅನುಭವ, ಎಂಥ ಕಾಲ್ಚಳಕ! ಎಡಚಿಯ ಗುದ್ದು ಮುಟ್ಟುವ ಹೊತ್ತಿಗೆ ಅಕ್ಕ ಅಲ್ಲಿರುತ್ತಲೇ ಇರಲಿಲ್ಲ. ಎರಡನೇ ಸುತ್ತು ಹೇಗೋ ಒದ್ದಾಡಿ ಎಡಚಿ ಗೆದ್ದಳು. ಮೂರನೆಯದರಲ್ಲಿ ಇಬ್ಬರ ಉಸಿರೂ ಇಬ್ಬರಿಗೂ ಕೇಳಿಸುತ್ತಿತ್ತು.

ಆಗ ಅಕ್ಕನ ಎಡಗೈ ಕೆಳಗೆ ಬಂತು.

ಸ್ವಲ್ಪವೇ. ಗೊತ್ತಿಲ್ಲದವರಿಗೆ ಕಾಣುತ್ತಲೂ ಇರಲಿಲ್ಲ. ಎಡಚಿಯ ಬಲಗೈ ಆ ಸಂದಿಯ ಮೇಲಿಂದ ಸುತ್ತಿ ಬಂದು ಅಕ್ಕನ ದವಡೆಗೆ ಬಿತ್ತು. ಅಕ್ಕ ತೂರಾಡಿದಳು. ಅವಳ ಹಿಂದೆ, ಕೆಂಪು ಮೂಲೆಯಲ್ಲಿ, ಬಾಟಲಿ ಹಿಡಿದು ನಿಂತವನ ಕಣ್ಣು ಎಡಚಿಯ ಕಣ್ಣಿಗೆ ನೇರ ಸಿಕ್ಕಿತು. ಅವನಿಗೆ ಗೊತ್ತಾಗಿತ್ತು.

ಅವಳು ಮತ್ತೆ ಅಲ್ಲಿಗೇ ಹೊಡೆದಳು. ಮತ್ತೊಂದು ಸಲವೂ ಅಲ್ಲಿಗೇ.

ರೆಫರಿ ನಡುವೆ ಬಂದು ಅಕ್ಕನ ಮುಂದೆ ಬೆರಳು ಎಣಿಸಿದರು. ತೀರ್ಪು ಎಡಚಿಯ ಪರ ಬಂತು. ಕೋಚ್ ಮೇಡಂ ಅವಳನ್ನು ಎತ್ತಿಕೊಂಡು ಕುಣಿದರು.

ಪದಕದ ಕಟ್ಟೆಯ ಮೇಲೆ ನಿಂತಾಗ ಫೋಟೋದವರು "ಎಲ್ಲರೂ ಕೈ ಎತ್ತಿ" ಅಂದರು. ಬೆಳ್ಳಿ ಹಾಕಿಕೊಂಡ ಅಕ್ಕ ಬಲಗೈ ಎತ್ತಿದಳು. ಇನ್ನೊಂದನ್ನು ಎತ್ತಲು ಹೋಗಿ ಮುಖ ಕಿವುಚಿದವಳು, ಯಾರಿಗೂ ಕಾಣದಿರಲೆಂದು ಅದನ್ನೇ ನಗುವಾಗಿ ತಿರುಗಿಸಿದಳು. ಎಡಚಿಗೆ ಕಂಡಿತು. ಕೊರಳಿನ ಚಿನ್ನ ಕಲ್ಲಿನಷ್ಟು ಭಾರವಾಯಿತು.

ಹೊರಗೆ ಬಂದಾಗ ಕತ್ತರಿ ಬಸ್ಸಿನ ಬಾಗಿಲಲ್ಲಿ ನಿಂತಿದ್ದ.

"ಅದಕ್ಕೇನಾ ತಲೆ ಕೊಟ್ಟಿದ್ದು?" ಅಂದ. ಅವಳು ಬಾಯಿ ತೆರೆಯುವ ಮೊದಲೇ ಬಸ್ಸು ಹತ್ತಿದ.

*

ಟೈರ್ ಅಂಗಡಿಯಲ್ಲಿ ಅಪ್ಪ ಅವಳ ಫೋಟೋ ಗೋಡೆಗೆ ಹೊಡೆದಿದ್ದರು. ಪಂಕ್ಚರ್ ಹಾಕಿಸಲು ಬಂದವರೆಲ್ಲ "ಭೇಷ್ ಮಗಳೇ" ಅನ್ನುವರು. ಪ್ರತಿ "ಭೇಷ್"ಗೂ ಅವಳು ಇನ್ನಷ್ಟು ಕುಗ್ಗುವಳು.

ಮೊದಲನೇ ಏಟು ಕೈಯದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ತೆರೆದದ್ದು ಕಂಡರೆ ಕೈ ಹೋಗುತ್ತದೆ, ಅದಕ್ಕಾಗಿಯೇ ಪಳಗಿಸಿದ ಕೈ. ಆದರೆ ಎರಡನೆಯದು? ಮೂರನೆಯದು? ಅವನ ಕಣ್ಣು ನೋಡಿದ ಮೇಲೆ ಹೊಡೆದದ್ದು? ಅವನ್ನು ಕೈಯ ಮೇಲೆ ಹಾಕಿ ಜಾರಿಕೊಳ್ಳಲು ಆಗುತ್ತಿರಲಿಲ್ಲ.

"ಚಿನ್ನ ಗೆದ್ದೋರ ಮುಖ ಹೀಗಿರುತ್ತೇನೇ?" ಅಪ್ಪ ಕೇಳಿದರು. "ಸೋತೋಳೇ ನಿನಗಿಂತ ನೆಮ್ಮದಿಯಾಗಿರ್ತಾಳೆ."

ಅವಳು ಕೈಯ ಮಸಿ ತೊಳೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದಳು.

ಸಲೂನ್ ಚಿಕ್ಕದು. ಎರಡು ಕುರ್ಚಿ, ಗೋಡೆಯಗಲದ ಕನ್ನಡಿ, ಹಿಂದುಗಡೆ ಮೇಲಿನ ಮನೆಗೆ ಹೋಗುವ ಮೆಟ್ಟಿಲು. ಕತ್ತರಿ ಒಬ್ಬ ದಪ್ಪ ಗಿರಾಕಿಯ ಗಲ್ಲಕ್ಕೆ ನೊರೆ ಬಳಿಯುತ್ತಿದ್ದ. ಕನ್ನಡಿಯಲ್ಲಿ ಅವಳನ್ನು ಕಂಡವನೇ ನೊರೆಯನ್ನು ಗಿರಾಕಿಯ ಮೂಗಿಗೂ ಬಳಿದ.

"ಅಕ್ಕನ್ನ ನೋಡ್ಬೇಕು," ಅಂದಳು.

"ಯಾಕೆ?"

"ಹೇಳೋದಿದೆ."

ಅವನು ಬ್ರಷ್ಷು ಕೆಳಗಿಟ್ಟು ಹತ್ತಿರ ಬಂದ. ಮುಖ ಬತ್ತಿತ್ತು. ಅವತ್ತಿನ ಸಿಟ್ಟು ಎಲ್ಲಿ ಹೋಗಿತ್ತೋ, ದನಿ ಬೇಡುತ್ತಿತ್ತು. "ಹೇಳ್ಬೇಡಿ ರೀ. ನಾನೇ ಬಾಯಿಬಿಟ್ಟಿದ್ದು ಅಂತ ಅವಳಿಗೆ ಗೊತ್ತಾದ್ರೆ... ಅಮ್ಮನ ಜಾಗದಲ್ಲಿ ಇದ್ದು ಸಾಕಿದೋಳು. ನೀವು ಸೆಮೀಲೇ ಸೋಲ್ತೀರಿ ಅಂದ್ಕೊಂಡು ಹೇಳಿದ್ದೆ."

"ಓಹೋ. ಸೋಲ್ತೀನಿ ಅಂದ್ಕೊಂಡೇ ಜಡೆ ಹಾಕಿದ್ರಾ?"

"ಸೋತ್ರೂ ಚೆನ್ನಾಗಿ ಕಾಣಲಿ ಅಂತ."

ಇಬ್ಬರಿಗೂ ನಗು ಬರುವ ಹಾಗಾಯಿತು. ನಗುವ ಯೋಗ್ಯತೆ ಇಬ್ಬರಿಗೂ ಇರಲಿಲ್ಲ.

"ನಿಮ್ಮ ಹೆಸರು ಎತ್ತಲ್ಲ," ಅಂದಳು. ಮೆಟ್ಟಿಲು ಹತ್ತಿದಳು.

ಅಕ್ಕ ಕಿಟಕಿಯ ಬಳಿ ಕೂತಿದ್ದಳು. ಎಡಗೈ ಬಟ್ಟೆಯ ಜೋಲಿಯಲ್ಲಿತ್ತು. "ಅರೇ, ಚಿನ್ನದ ಹುಡುಗಿ! ಬಾ ಬಾ."

ಬಸ್ಸಿನುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಚೆಲ್ಲಾಪಿಲ್ಲಿಯಾಯಿತು. "ಅಕ್ಕಾ, ನಿಮ್ಮ ಭುಜದ ವಿಷಯ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಹೊಡೆದೆ."

"ಗೊತ್ತಿತ್ತಾ? ಹೇಗೆ?"

"ಅದು... ನಾನೇ ನೋಡಿ..."

"ನಾನೇ ಹೇಳಿದ್ದು!" ಬಾಗಿಲಲ್ಲಿ ಕತ್ತರಿ ಏದುಸಿರು ಬಿಡುತ್ತ ನಿಂತಿದ್ದ, ಹೆಗಲ ಮೇಲೆ ಗಿರಾಕಿಯ ಟವೆಲ್ಲು. "ಅಕ್ಕಾ, ನನ್ನ ಹಾಳು ಬಾಯಿ. ಇವರದೇನೂ ತಪ್ಪಿಲ್ಲ."

"ಇದೆ. ಹೊಡೆದೋಳು ನಾನು."

"ಹೇಳಿದೋನು ನಾನು ರೀ."

"ಒಬ್ಬೊಬ್ಬರಾಗಿ ಸಾಯ್ರೋ!" ಅಂದಳು ಅಕ್ಕ.

ಆಮೇಲೆ ಕಿಟಕಿಯತ್ತ ಮುಖ ತಿರುಗಿಸಿದಳು. ಕೆಳಗಿನಿಂದ ಗಿರಾಕಿ ಎರಡು ಸಲ ಕೂಗಿದ. "ಹೋಗು," ಅಂದಳು ಅಕ್ಕ ತಮ್ಮನ ಮುಖ ನೋಡದೆ, "ಆ ಮನುಷ್ಯನ ಮುಖ ಒಣಗ್ತಿದೆ."

ಅವನು ಹೋದ. ಎಡಚಿ ನಿಂತೇ ಇದ್ದಳು.

"ಕ್ಷಮಿಸಿದೆ ಅಂದ್ರೆ ನಿನ್ನ ಮನಸ್ಸು ಹಗುರ ಆಗುತ್ತೆ," ಅಂದಳು ಅಕ್ಕ ಕೊನೆಗೆ. "ನನಗೇನು ಸಿಗುತ್ತೆ? ಆ ಚಿನ್ನಕ್ಕೆ ಅರ್ಧ ಆಯಸ್ಸು ಕಾದಿದೀನಿ. ಕೋಪ ಇದೆ. ಅವನ ಮೇಲೆ ಜಾಸ್ತಿ, ನಿನ್ನ ಮೇಲೆ ಸ್ವಲ್ಪ ಕಡಿಮೆ. ನನ್ನ ಮೇಲೂ ಇದೆ. ಈ ಭುಜ ಇಟ್ಕೊಂಡು ರಿಂಗಿಗೆ ಇಳೀಬೇಡ ಅಂತ ಡಾಕ್ಟರ್ ಹೇಳಿ ಎಷ್ಟೋ ಕಾಲ ಆಯ್ತು. ಮುಚ್ಚಿಟ್ಟೆ." ಜೋಲಿಯನ್ನು ಸರಿಮಾಡಿಕೊಂಡಳು. "ಕಂಡೂ ಹೊಡೀದೆ ಬಿಟ್ಟಿದ್ರೆ ಏನ್ ಮಾಡ್ತಿದ್ದೆ ಗೊತ್ತಾ? ಹುಡುಕ್ಕೊಂಡು ಬಂದು ಬಾರಿಸ್ತಿದ್ದೆ. ಪಾಪ ಅಂತ ಬಿಟ್ಟುಕೊಟ್ಟ ಪದಕ ನನಗೆ ಬೇಡ."

ಎಡಚಿಯ ಕಣ್ಣು ತುಂಬಿ ಬಂತು.

"ಇವನ ಮೇಲೆ ಮನಸ್ಸಿದೆಯಾ?"

"ಹೂಂ."

"ಅದಕ್ಕೆ ಬಂದ್ಯೋ, ತಪ್ಪು ಒಪ್ಕೊಳ್ಳೋಕೆ ಬಂದ್ಯೋ?"

"ಬಸ್ಸು ಹತ್ತುವಾಗ ತಪ್ಪು ಒಪ್ಕೊಳ್ಳೋಕೇ ಅಕ್ಕಾ." ಮೂಗು ಒರೆಸಿಕೊಂಡಳು. "ಇಳಿಯುವಾಗ ಅಷ್ಟು ಖಾತ್ರಿ ಇರಲಿಲ್ಲ."

ಅಕ್ಕ ನಕ್ಕಳು, ನಕ್ಕು ಭುಜ ನೋವಾಗಿ ಬೈದುಕೊಂಡಳು. "ಒಂದು ಮಾತು ಹೇಳ್ತೀನಿ ಕೇಳು. ಬಲಗೈ ಬೀಸಿದ ಮೇಲೆ ನೀನು ಗದ್ದ ಎತ್ತುತ್ತೀಯ. ಒಳ್ಳೆ ಬಾಕ್ಸರ್ ಸಿಕ್ಕಿದ್ರೆ ಅಲ್ಲೇ ಮಲಗಿಸ್ತಾಳೆ. ತಿದ್ಕೋ. ಯಾರಿಗೂ ಹೇಳ್ಬೇಡ. ಆ ಕತ್ತರಿಗಂತೂ ಸತ್ರೂ ಹೇಳ್ಬೇಡ. ಊಟ ಮಾಡ್ಕೊಂಡು ಹೋಗು."

ಕೆಳಗೆ ಗಿರಾಕಿ ಹೋಗಿದ್ದ. ಕತ್ತರಿ ನೆಲದ ಕೂದಲು ಗುಡಿಸುತ್ತಿದ್ದ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದ.

"ಏನಂದ್ಲು?"

"ಕೋಪ ಇದೆಯಂತೆ. ಊಟಕ್ಕೆ ಇರು ಅಂದ್ರು."

ಅವನು ಪೊರಕೆ ಗೋಡೆಗೆ ಒರಗಿಸಿದ. ಮುಖ ಎತ್ತಲಿಲ್ಲ. "ಅವಳ ಮುಂದೆ ಒಂದು ಮಾತು ಹೇಳಲಿಲ್ಲ ನಾನು. ಹೇಳೋಕೆ ಆಗಲಿಲ್ಲ. ನೀವು ಮೂರು ಹೊಡೆದ್ರಿ."

"ಗೊತ್ತು."

"ಮೊದಲನೇದಕ್ಕೆ ಎದೆ ಒಡೆದುಹೋಯ್ತು. ಎರಡನೇದಕ್ಕೆ ಟವೆಲ್ ಎಸೆದು ಪಂದ್ಯ ನಿಲ್ಲಿಸಿಬಿಡೋಣ ಅನ್ನಿಸ್ತು. ಮೂರನೇದಕ್ಕೆ..." ಬಾಚಣಿಗೆಯೊಂದನ್ನು ಎತ್ತಿ ಮತ್ತೆ ಅಲ್ಲೇ ಇಟ್ಟ. "ಅಕ್ಕನ ಮೂಲೇಲೇ ನಿಂತಿದೀನಿ. ಅವಳ ನೀರಿನ ಬಾಟಲಿ ಕೈಯಲ್ಲಿದೆ. ನಿಂತ್ಕೊಂಡು, ನೀವು ಗೆಲ್ಲಲಿ ಅನ್ನಿಸ್ಬಿಡ್ತು. ಒಂದೇ ಒಂದು ಕ್ಷಣ. ನನ್ನ ಮೇಲೇ ಬಂದ ಕೋಪಾನ ಬಸ್ಸಿನ ಹತ್ರ ನಿಮ್ಮ ಮೇಲೆ ತೀರಿಸ್ಕೊಂಡೆ."

ಇಂಥ ಮಾತನ್ನು ತನಗೆ ಯಾರಾದರೂ ಹೇಳಿಯಾರು ಎಂದು ಎಡಚಿ ಎಂದೂ ಎಣಿಸಿರಲಿಲ್ಲ. ಹೇಳಿದರೆ ಹೀಗೆ, ತಲೆ ತಗ್ಗಿಸಿಕೊಂಡು, ಕಳ್ಳನ ಹಾಗೆ ಹೇಳುತ್ತಾರೆ ಎಂದಂತೂ ಎಣಿಸಿರಲಿಲ್ಲ. ನಾಚಿಕೆ ಬರಬೇಕಾದ ಜಾಗದಲ್ಲಿ ಅವಳಿಗೆ ಅಳು ಬಂತು. ಅಳುವಿನ ಕೆಳಗೆ, ಬೇಡ ಬೇಡವೆಂದರೂ, ಖುಷಿ.

"ಇದನ್ನ ಅಕ್ಕನಿಗೆ ಹೇಳ್ಬೇಡ," ಅಂದಳು.

"ಹೇಳ್ಬೇಡಿ" ಹೋಗಿ "ಹೇಳ್ಬೇಡ" ಆದದ್ದು ಇಬ್ಬರಿಗೂ ಕೇಳಿಸಿತು. ಅವನು ಅವತ್ತು ಮೊದಲ ಸಲ ಅವಳನ್ನು ನೇರ ನೋಡಿದ.

"ಹೇಳ್ದೆ ಹೇಗಿರಲಿ? ದಿನಾ ಅವಳ ಮುಖ ನೋಡ್ಬೇಕಲ್ಲ."

"ನಾನೂ ನೋಡ್ತೀನಿ. ಇಬ್ಬರೂ ಸೇರಿ ನೋಡೋಣ."

ಅವನು ಅವಳ ಬಲಗೈ ಹಿಡಿದುಕೊಂಡ. ಬೆರಳಗಂಟುಗಳ ಮೇಲೆ ಇನ್ನೂ ಊತವಿತ್ತು. ಯಾವ ಕೈ ಎಂದು ಇಬ್ಬರಿಗೂ ಗೊತ್ತಿತ್ತು. ಅವನು ಬಿಡಲಿಲ್ಲ, ಅವಳು ಎಳೆದುಕೊಳ್ಳಲಿಲ್ಲ.

"ಬರ್ತೀರೋ ಇಲ್ವೋ? ಆರಿಹೋಗುತ್ತೆ!" ಮೇಲಿಂದ ಅಕ್ಕ ಕೂಗಿದಳು.

ಮೆಟ್ಟಿಲ ತುದಿಯವರೆಗೂ ಕೈ ಹಿಡಿದೇ ಹತ್ತಿದರು. ಬಾಗಿಲು ಬಂದಾಗ ಬಿಟ್ಟರು.

ಅಕ್ಕ ಒಂದೇ ಕೈಯಲ್ಲಿ ಬಡಿಸಿದಳು, ಇಬ್ಬರನ್ನೂ ಬೈಯುತ್ತ, ಇಬ್ಬರ ತಟ್ಟೆಯನ್ನೂ ತುಂಬಿಸುತ್ತ. ಇಬ್ಬರೂ ತಲೆ ಎತ್ತದೆ ಉಂಡರು.