ಹೆಸರಿಲ್ಲದ ಅಜ್ಜಿಗೆ ಬಿಟ್ಟ ಜಾಗ

೧೯೯೦ರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ನಾನು ಫರ್ವಾನಿಯಾದ ಫ್ಲಾಟೊಂದರಲ್ಲಿ ಒಡೆತ್ ಎಂಬ ವಯಸ್ಸಾದ ಮ್ಯಾಡಮನ್ನು ನೋಡಿಕೊಳ್ಳುತ್ತಿದ್ದೆ. ಪಾಂಡಿಚೇರಿಗೆ ಮೊದಮೊದಲು ಹಡಗಿನಲ್ಲಿ ಬಂದು ನೆಲೆಸಿದ ಫ್ರೆಂಚರ ವಂಶ ಅವರದು. ಆ ಹಿರಿಯರ ಹೆಸರುಗಳನ್ನೆಲ್ಲ ಮ್ಯಾಡಮ್ ಹಳೆಯ ದಾಖಲೆಗಳಲ್ಲಿ ಹುಡುಕಿ ತೆಗೆದಿದ್ದರು. ಹಡಗಿನಲ್ಲೇ ಹೆತ್ತು ಸತ್ತು ಸಮುದ್ರದ ಪಾಲಾದ ಮೊದಲ ಅಜ್ಜಿಯ ಹೆಸರು ಮಾತ್ರ ಸಿಕ್ಕಿರಲಿಲ್ಲ.

ಸಂಜೆಯಾದರೆ ನಾವಿಬ್ಬರೂ ತೇರ್ಸಿಗೆ, ಅಂದರೆ ಜಪಸರದ ಪ್ರಾರ್ಥನೆಗೆ, ಮೊಣಕಾಲೂರುತ್ತಿದ್ದೆವು. ಕೊನೆಗೆ ಸತ್ತವರನ್ನು ಹೆಸರು ಹಿಡಿದು ನೆನೆಯುವುದು ಮಂಗಳೂರಿನ ನಮ್ಮ ಮನೆಯ ಕ್ರಮ.

"ಅವಳಿಗೂ ಸ್ವಲ್ಪ ಜಾಗ ಬಿಡು, ಶರ್ಲಿ," ಎಂದರು ಮ್ಯಾಡಮ್.

ಹಾಗಾಗಿ ಎಲ್ಲರ ಹೆಸರಾದ ಮೇಲೆ ಒಂದು ಗಳಿಗೆ ಸುಮ್ಮನಿರುತ್ತಿದ್ದೆವು. ಆ ಮೌನದಲ್ಲಿ ಒದ್ದೆ ಹಗ್ಗದ ವಾಸನೆ ಬರತೊಡಗಿತು. ಎಸಿ ಕೆಟ್ಟ ಕೋಣೆಯಲ್ಲಿ ನನ್ನ ಬೆನ್ನಿಗೆ ಮಾತ್ರ ತಂಪು. ಮುತ್ತಿಕ್ಕಿದರೆ ಜಪಸರದ ಶಿಲುಬೆ ಉಪ್ಪುಪ್ಪು.

ಒಂದು ಸಂಜೆ ಆ ಮೌನದೊಳಗೆ ಯಾರೋ ಮೆಲ್ಲಗೆ "ಪೆರಿನ್" ಎಂದರು.

"ಹೇಳಿದ್ದು ನೀನಾ?"

ನಾನಲ್ಲ. ಅಜ್ಜಿಯ ಹೆಸರು ಸಿಕ್ಕಿತೆಂದು ಮ್ಯಾಡಮ್ ನನ್ನ ಕೈ ಹಿಡಿದು ಸಂತೋಷಕ್ಕೆ ಅತ್ತುಬಿಟ್ಟರು. ಊರಿನ ವಿಮಾನ ಹಿಡಿಯಲು ನಾನು ಜೋರ್ಡಾನಿಗೆ ಹೋಗುವ ಬಸ್ಸು ಹತ್ತುವ ದಿನ, "ಇನ್ನು ಅವಳನ್ನು ನೀನೂ ಬಿಡಬೇಡ," ಎಂದರು.

ಮರುಭೂಮಿಯ ಧೂಳಿಗೆ ಗಂಟಲು ಕಟ್ಟಿ, ಊರಿಗೆ ಮುಟ್ಟುವಾಗ ನನಗೆ ಸ್ವರವೇ ಇರಲಿಲ್ಲ. ಅಂದು ಸಂಜೆ ಮನೆಯಲ್ಲಿ ತೇರ್ಸು. ನಮ್ಮ ಸತ್ತವರನ್ನೆಲ್ಲ ನೆನೆದಾದ ಮೇಲೆ ಅಮ್ಮ "ಪೆರಿನ್" ಎಂದಳು.

"ಅದ್ಯಾರು?" ತಮ್ಮ ಕ್ಯಾಲ್ವಿನ್ ಕೇಳಿದ.

"ನಂಗೆ ಗೊತ್ತಿಲ್ಲ ಮಾರಾಯ. ಶರ್ಲಿ ಹೇಳಿದ್ದು ನಿಂಗೆ ಕೇಳ್ಲಿಲ್ವಾ? ದೇವರು ದೊಡ್ಡವನು, ಇವಳಿಗೆ ಸ್ವರ ಬಂತು!"

ನನಗೆ ಸ್ವರ ಬಂದದ್ದು ಅದಾಗಿ ಒಂದು ವಾರದ ಮೇಲೆ.